ಗೂಡಿನ ಮೇಲಿನ ಕಾಗದ

ಕಾರಣ ಸಿಗದ ಇಂಥ ಅನುಭವಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ನಂಬಿದ್ದೇನೆ ಎನ್ನಲಾರೆ. ನನ್ನ ನೆನಪನ್ನೂ ಪೂರ್ತಿ ನಂಬುವುದಿಲ್ಲ. ಅದು ತನಗೆ ಬೇಕಾದ್ದನ್ನು ಜೋಡಿಸಿಕೊಂಡು ಚೆಂದವಾಗುತ್ತದೆ. ಆದ್ದರಿಂದ ಚೆಂದ ಮಾಡದೆ ಬರೆಯುತ್ತೇನೆ.

ಒಂಟಿಕೊಪ್ಪಲಿನ ನಮ್ಮ ಮನೆ ಹಳೆಯದು. ನಡುಮನೆಯ ಗೋಡೆಯಲ್ಲಿ ದೀಪವಿಡುವ ಗೂಡೊಂದಿತ್ತು. ನನ್ನ ಹೆಂಡತಿ ಸುಧಾ ಬಸುರಿಯಾದಾಗಿನಿಂದ ಅಲ್ಲಿನ ಎಣ್ಣೆದೀಪ ಆರದಂತೆ ಕಾದಳು. ಏಳನೇ ತಿಂಗಳಲ್ಲಿ ಮಗು ಹೋಯಿತು. ಆಸ್ಪತ್ರೆಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ನೇರ ಗೂಡಿನ ಹತ್ತಿರ ಹೋಗಿ ದೀಪವನ್ನು ಬಾಯಿಂದ ಊದಿಬಿಟ್ಟಳು. ‘ದೀಪ ಆರಿಸುವುದು’ ಎಂದು ಬಾಯಲ್ಲೂ ಅನ್ನದೆ, ಹೂವಿನಿಂದ ಒತ್ತಿ ‘ಶಾಂತ ಮಾಡುವುದು’ ಎನ್ನುವ ಮನೆಯ ಹುಡುಗಿ ಅವಳು. ಆಮೇಲೆ ಆ ಗೂಡಿನ ಕಡೆ ನೋಡುತ್ತಲೇ ಇರಲಿಲ್ಲ. ಕುವೆಂಪುನಗರದ ತವರಿಗೆ ಹೋದವಳು ವಾಪಸು ಬರಲಿಲ್ಲ.

ಎಷ್ಟೋ ಸಲ ಕರೆದ ಮೇಲೆ ಫೋನಿನಲ್ಲಿ ಹೇಳಿದಳು: “ಆ ಗೂಡು ಕಣ್ಣಿಗೆ ಬೀಳಬಾರದು ಕಣ್ರೀ. ಒಂದ್ಸಲ ಬಂದು ನೋಡ್ತೀನಿ. ಕಂಡ್ರೆ ಹಂಗೇ ಹೊರಟ್ಬುಡ್ತೀನಿ. ಆಮೇಲೆ ಕರೀಬೇಡಿ.”

ದೀಪವನ್ನು ತೆಗೆದು ತೊಳೆದು ದೇವರ ಮನೆಯಲ್ಲಿಟ್ಟೆ. ಇದು ಖಂಡಿತ, ಇವತ್ತೂ ಅಲ್ಲೇ ಇದೆ. ಗೂಡಿಗೆ ಇಟ್ಟಿಗೆ ಕೂರಿಸಿ, ಗಾರೆ ಮೆತ್ತಿ, ಗೋಡೆಗೆಲ್ಲ ತಿಳಿಹಸಿರು ವಾಲ್‌ಪೇಪರ್ ಅಂಟಿಸಿದೆ. ಸ್ವಲ್ಪ ದಿನಕ್ಕೇ ಅದು ಎದ್ದಿತು. ಎಲ್ಲ ಕಡೆ ಅಲ್ಲ, ಗೂಡು ಇದ್ದಷ್ಟೇ ಜಾಗದಲ್ಲಿ, ಗೂಡಿನ ಆಕಾರವೇ ಕಾಣುವಂತೆ. ಹಸಿ ಗಾರೆ, ಹಳೇ ಸುಣ್ಣ ಎಂದುಕೊಂಡೆ. ಸುಣ್ಣ ಕೆರೆದೆ, ಪ್ರೈಮರ್ ಹೊಡೆದೆ, ವಾರಗಟ್ಟಲೆ ಒಣಗಲು ಬಿಟ್ಟೆ. ಅಂಟಿಸಿದರೆ ಮತ್ತೆ ಎದ್ದಿತು. ಸಿರಿಂಜಿನಲ್ಲಿ ಅಂಟು ತುಂಬಿ ಉಬ್ಬಿದ ಕಡೆಯೆಲ್ಲ ಚುಚ್ಚಿದೆ. ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿದೆ. ಎದುರುಮನೆಯ ಜಯಮ್ಮ ಕಿಟಕಿಯಲ್ಲಿ ಇಣುಕಿ, “ಏನಪ್ಪಾ, ಮೈಮೇಲಿನ ಅಂಗಿ ಮುದುರ್ಕೊಂಡೈತೆ, ಗೋಡೆಗೆ ಇಸ್ತ್ರಿ ಮಾಡ್ತಿದೀಯಲ್ಲಾ!” ಎಂದು ನಕ್ಕರು. ನಾನೂ ನಕ್ಕೆ. ಅವರು ಹೋದ ಮೇಲೆ ಅದೇ ಗೋಡೆಗೆ ಹಣೆಯಿಟ್ಟು ಅತ್ತೆ.

ಸುಧಾ ಬರುತ್ತೇನೆಂದ ದಿನ ಮಧ್ಯಾಹ್ನದವರೆಗೂ ಕಾಗದ ಚೆನ್ನಾಗಿ ಕೂತಿತ್ತು. ದೀಪ ಹಚ್ಚುವ ಹೊತ್ತಿಗೆ “ಆಟೋ ಹತ್ತಿದೆ” ಎಂದು ಫೋನು ಮಾಡಿದಳು. ಫೋನು ಕೆಳಗಿಡುವಷ್ಟರಲ್ಲಿ ಹಿಂದೆ ಸರ್ರನೆ ಸದ್ದು. ಎದ್ದಿದ್ದ ಮೂಲೆಯನ್ನು ಎತ್ತಿ ನೋಡಿದೆ. ಕಾಗದದ ಹಿಂಬದಿಗೆ ಮಸಿ ಹಿಡಿದಿತ್ತು. ಕೆಳಗೆ ದಪ್ಪ, ಮೇಲೆ ಹೋಗುತ್ತ ಸಣ್ಣ. ಎಳ್ಳೆಣ್ಣೆಯ ವಾಸನೆ. ಗಾರೆ ಬೆಚ್ಚಗಿತ್ತು. ಇಸ್ತ್ರಿಪೆಟ್ಟಿಗೆಯನ್ನು ಆಗಷ್ಟೇ ಒತ್ತಿದ್ದೆನೇ? ಇಲ್ಲ ಎಂದು ನೆನಪು. ಆದರೆ ಆ ಹೊತ್ತಿನ ನೆನಪಿನ ಮೇಲೆ ಪ್ರಮಾಣ ಮಾಡಲಾರೆ.

ಯೋಚಿಸಲು ಪುರುಸೊತ್ತಿರಲಿಲ್ಲ. ಅಂಟು ಬಳಿದು ಎರಡೂ ಅಂಗೈಯಿಂದ ಕಾಗದವನ್ನು ಒತ್ತಿ ಹಿಡಿದೆ. ಕೈ ಸಡಿಲಿಸಿದರೆ ಏಳುತ್ತಿತ್ತು. ಗೇಟಿನ ಸದ್ದಾಯಿತು. “ಇರು, ಒಂದೇ ನಿಮಿಷ ಇರು,” ಎಂದು ಕೂಗಿದೆ. ಅವಳಿಗೆ ಹೇಳಿದೆನೋ ಕಾಗದಕ್ಕೆ ಹೇಳಿದೆನೋ ಗೊತ್ತಿಲ್ಲ.

ಸುಧಾ ಒಳಗೆ ಬಂದಳು. “ಇದೇನ್ರೀ, ಗೋಡೆ ಬಿದ್ದೋಗುತ್ತೆ ಅಂತ ಹಿಡ್ಕೊಂಡಿದ್ದೀರಾ?”

ಹತ್ತಿರ ಬಂದು ನನ್ನ ಕೈ ಬಿಡಿಸಿದಳು. ಕಾಗದ ಮೆಲ್ಲಗೆ ಬಾಗಿ ಜೋತುಬಿತ್ತು. ಎಲ್ಲ ಮುಗಿಯಿತು ಅಂದುಕೊಂಡೆ. ಅವಳು ನನ್ನ ಬೆರಳಿನ ಮಸಿ ನೋಡಿದಳು, ಬೋಳು ಗಾರೆಯ ಮೇಲೆ ತನ್ನ ಕೈಯಿಟ್ಟಳು. ಕೇಳಿದಳು:

“ದೀಪ ಆರಿಲ್ವಾ?”

ಬಾಗಿಲಿಗೆ ಹೋದಳು. ಚಪ್ಪಲಿ ಬಿಟ್ಟು, ಒಳಗೆ ಬಂದು, ಆ ಗೋಡೆಯ ಬುಡದಲ್ಲೇ ಕೂತಳು.

ವರ್ಷಗಳಾದವು. ಹಾಗೆ ಕೇಳಿದ್ದೇ ಇಲ್ಲ ಎನ್ನುತ್ತಾಳೆ ಈಗ. ಬೆರಳಲ್ಲಿದ್ದದ್ದು ಬರೀ ಅಂಟಿನ ಕೊಳೆ ಎನ್ನುತ್ತಾಳೆ. ಇರಬಹುದು. ಆದರೆ ಜೋತ ಕಾಗದವನ್ನು ಅಂಟಿಸಲು ಬಿಡುವುದಿಲ್ಲ. ಇಟ್ಟಿಗೆ ಕಿತ್ತು ನೋಡಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಒಳಗೆ ಏನೂ ಇರಲಾರದು. ಏನೂ ಇಲ್ಲ ಎಂದು ಅವಳಿಗೆ ಕಂಡರೆ ಮತ್ತೆ ಚಪ್ಪಲಿ ಮೆಟ್ಟುತ್ತಾಳೇನೋ ಎಂಬ ಭಯಕ್ಕೆ, ಸುತ್ತಿಗೆಯನ್ನು ಮನೆಯಿಂದಲೇ ಸಾಗಹಾಕಿದ್ದೇನೆ.