ಹೊಲಿಗಿ ಖೋಲಿಯ ಮೌನವ್ರತ

ಆ ದಿನ ಭಾಲ್ಕಿಯಲ್ಲಿ, ತಂಗಿಯ ಮನೆಯಲ್ಲಿ, ಬೆಳಿಗ್ಗೆಯಿಂದ ನಾನು ಮಾಡಿದ ಕೆಲಸಗಳು: ಅಂಗಳ ಗುಡಿಸಿದ್ದು, ನಳ ಬಂದಾಗ ನೀರು ತುಂಬಿದ್ದು, ಹಾಲಿನ ಮುಂದೆ ನಿಂತು ಉಕ್ಕದ ಹಾಗೆ ಕಾಯ್ದದ್ದು, ತಂಗಿಯ ಅತ್ತಿಯ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದು, ಜೋಳದ ಹಿಟ್ಟು ಸೋಸಿಟ್ಟದ್ದು, ಮದುವೆ ಮನೆಯವರ ಜಂಪರುಗಳಿಗೆ ಹುಕ್ಕು ಹಚ್ಚಿದ್ದು, ಊಟದ ಹೊತ್ತಿನ ತನಕ ಬಾಯಿ ಬಿಡದೆ ಕೂತದ್ದು. ಕೊನೆಯದೇ ಎಲ್ಲಕ್ಕಿಂತ ಭಾರದ ಕೆಲಸ. ನೀರಿನ ಕೊಡ ಬೇಕಾದರೆ ಎರಡೆರಡು ಹೊರುತ್ತೇನೆ, ಮಾತು ಹೊರುವುದು ನನ್ನಿಂದ ಆಗುವುದಿಲ್ಲ.

ಬೀದರಿನ ಮೈಲೂರಿನಲ್ಲಿ, ನಮ್ಮ ಮನೆಯ ಅಡುಗೆ ಖೋಲಿಯಿಂದಲೇ ನಾನು ಶೇಂಗಾ ಹಿಂಡಿ, ಅಗಸಿ ಹಿಂಡಿ ಅನ್ನುವ ಚಟ್ನಿಪುಡಿ, ಮಸಾಲಿ ಖಾರ ಮಾಡಿ ಮಾರುತ್ತ ಬಂದವಳು. ಬಹಳ ವರ್ಷ ಆದ್ದರಿಂದ ಹೊಸದಾಗಿ ಧಂಧೆ ಶುರು ಮಾಡುವವರು, ಅದರಲ್ಲೂ ಹೆಣ್ಣುಮಕ್ಕಳು, ಸಲಹೆ ಕೇಳಿಕೊಂಡು ಬರುತ್ತಾರೆ. ದಿನದಲ್ಲಿ ಇಷ್ಟು ಕೆಲಸ ಹೇಗೆ ಮುಗಿಸುತ್ತೀರಿ, ನಾವು ಬೆಳೆಯಬೇಕಾದರೆ ಏನು ಮಾಡಬೇಕು ಅಂತ ಕೇಳುತ್ತಾರೆ. ನಾನು ಅವರಿಗೆ ಚಾ ಕೊಟ್ಟು ತಂಗಿಯ ಕಥೆ ಹೇಳುತ್ತೇನೆ. ಈಗ ಬರೆದೇ ಇಡುತ್ತೇನೆ, ಚಾದ ಖರ್ಚಾದರೂ ಉಳಿಯಲಿ.

ತಂಗಿಗೆ ಹೊಲಿಗೆ ಮೊದಲಿಂದ ಗೊತ್ತು. ಮಕ್ಕಳು ದೊಡ್ಡವಾದ ಮೇಲೆ ಬೀದಿಗೆ ಬಾಗಿಲಿರುವ ಮುಂದಿನ ಖೋಲಿಯಲ್ಲಿ ಮಷೀನು ಹಾಕಿಕೊಂಡಳು. ಅದೇ ಖೋಲಿಯ ಮೇಲೆ ಆಕೆಯ ಗಂಡನ ಅಣ್ಣನ ಕಣ್ಣೂ ಇತ್ತು. ಸೋಯಾದ ಚೀಲ ಇಡಲಿಕ್ಕೆ ಹೇಳಿ ಮಾಡಿಸಿದ ಜಾಗ ಅಂತ ಅವರ ಲೆಕ್ಕ. ತಂಗಿಯ ಅತ್ತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ತೀರ್ಪು ಕೊಟ್ಟಿದ್ದರು. ಈ ಲಗ್ನದ ಸೀಜನ್ ಮುಗಿಯುವ ತನಕ ಖೋಲಿ ಸೊಸೆಯದು. ಅಷ್ಟರಲ್ಲಿ ಧಂಧೆ ಕುದುರಿದರೆ ಮಷೀನು ಅಲ್ಲೇ ಇರಲಿ, ಕುದುರದಿದ್ದರೆ ಮಷೀನು ಅಟ್ಟಕ್ಕೆ, ಚೀಲ ಒಳಗೆ. ಹಾಗೆ ಹೇಳುವಾಗ ಅವರು ನೋಡುತ್ತಿದ್ದದ್ದು ದೊಡ್ಡ ಮಗನ ಮುಖವನ್ನು. ಮನಸ್ಸು ಯಾವ ಕಡೆಗೆ ಅಂತ ತಂಗಿಗೂ ತಿಳಿಯಿತು, ಆಕೆ ಹೇಳಿದ ಮೇಲೆ ನನಗೂ ತಿಳಿಯಿತು.

ತಂಗಿ ಬುದ್ಧಿವಂತೆ. ಬೀದರಿನಲ್ಲಿ ಹೊಸ ಉದ್ಯಮಿಗಳಿಗೆ ಒಂದು ತರಬೇತಿ ನಡೆದಾಗ ಹೆಸರು ಬರೆಸಿದಳು. ಜೊತೆಗೆ ನಾನೂ ಹೋದೆ. ಬೇಸಿಗೆಯಲ್ಲಿ ಕೋಟು ಹಾಕಿಕೊಂಡು ಬಂದ ಒಬ್ಬ ಹುಡುಗ ಬೆವರು ಒರೆಸಿಕೊಳ್ಳುತ್ತ ಗುಟ್ಟು ಹೇಳಿದ. ದೊಡ್ಡ ದೊಡ್ಡ ಉದ್ಯಮಿಗಳೆಲ್ಲ ಸೂರ್ಯ ಹುಟ್ಟುವ ಮೊದಲೇ ಏಳುತ್ತಾರಂತೆ. ಹಿಂದಿನ ಸಾಲಿನಲ್ಲಿದ್ದ ಹೆಣ್ಣುಮಗಳೊಬ್ಬಳು ಎದ್ದು ನಿಂತು, "ಏಳೂದು ನಾವು ಹುಟ್ಟಿದಾಗಿಂದ ಏಳ್ಲತ್ತೇವ್ರಿ ಸರ್. ಮಲಗೂದು ಹ್ಯಾಂಗಂತ ಜರಾ ಹೇಳ್ರಿ," ಅಂದಳು. ಪಾಪ, ಅದು ಆತನ ಪಾಠದಲ್ಲಿ ಇರಲಿಲ್ಲ.

ಆತ ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಖರೆ ಇತ್ತು. ದಿನದಲ್ಲಿ ಒಂದಿಷ್ಟು ಹೊತ್ತು ಯಾರೂ ಮುಟ್ಟದ ಹಾಗೆ ಕಾದಿಟ್ಟುಕೊಳ್ಳಬೇಕು, ಆ ಹೊತ್ತಿನಲ್ಲೇ ಕೆಲಸ ಮುಂದಕ್ಕೆ ಹೋಗುತ್ತದೆ. ತಂಗಿ ಅದನ್ನು ಹಿಡಿದುಕೊಂಡಳು. ಊರಿಗೆ ಹೋದವಳೇ ಒಂದು ರಟ್ಟಿನ ಮೇಲೆ 'ಕೆಲಸದ ಸಮಯ, ದಯವಿಟ್ಟು ತೊಂದರೆ ಕೊಡಬೇಡಿ' ಅಂತ ಬರೆದು ಬಾಗಿಲಿಗೆ ಕಟ್ಟಿದಳು.

ಮೊದಲು ಓದಿದವರು ಎದುರು ಮನೆಯ ಕಾಕು, ಇಡೀ ಓಣಿಗೆ ಚಿಕ್ಕಮ್ಮ. ಓದಿದವರೇ ಗಾಬರಿಯಿಂದ ಒಳಗೆ ಬಂದರು.

"ಯಾರವ್ವಾ ನಿನಗ ತೊಂದ್ರಿ ಕೊಡ್ಲತ್ತಾರ? ನನಗ ಹೇಳು."

"ಯಾರೂ ಇಲ್ರಿ ಕಾಕು, ಸುಮ್ಮ ಬರದೀನಿ."

"ಸುಮ್ಮ ಯಾಕ ಬರೀತಿ? ಯಾರೋ ಏನೋ ಅಂದಿರಬೇಕು. ಅಂಜಬ್ಯಾಡ."

ಹಾಗೆ ಅಂದು ಕೂತವರು, ತೊಂದರೆ ಕೊಡುವವರು ಯಾರಿರಬಹುದು ಅಂತ ಓಣಿಯ ಮನೆ ಮನೆಯನ್ನೂ ವಿಚಾರಿಸಿ, ಎರಡು ಸಲ ಚಾ ಕುಡಿದು, ಸಂಜೆಗೆ ಎದ್ದರು. ಸಂತೆಗೆ ಹೋಗುವವರು ಚೀಲ ಇಡಲಿಕ್ಕೆ ಬಂದು ಕೂತರು, ಬರುವಾಗ ಚೀಲ ಒಯ್ಯಲಿಕ್ಕೆ ಬಂದು ಮತ್ತೆ ಕೂತರು. ಬಂದವರಿಗೆ ಏಳಿರಿ ಅನ್ನುವ ಮಾತು ನಮ್ಮ ಮನೆಗಳಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ. ಅಷ್ಟರಲ್ಲಿ ಔರಾದ ಕಡೆಯ ಎಕಂಬಾದಿಂದ ಒಂದು ಲಗ್ನದ ಕೆಲಸ ಬಂದಿತ್ತು. ಮದುಮಗಳದು, ಆಕೆಯ ತಾಯಿಯದು, ಅತ್ತಿಗೆ ನಾದಿನಿಯರದು, ಎಲ್ಲರ ಜಂಪರುಗಳು. ತಂಗಿ ಫೋನು ಮಾಡಿ ಅತ್ತಳು. ನಾನು ಹಿಂಡಿಯ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿದೆ.

ಒಂದು ದಿನ ಆ ಖೋಲಿಯಲ್ಲಿ ಕೂತು ನೋಡಿದೆ. ಮಷೀನು ತಿರುಗಿದ್ದಕ್ಕಿಂತ ಚಾದ ಕೆಟಲ್ ಹೆಚ್ಚು ತಿರುಗಿತು. ಅಡುಗೆ ಖೋಲಿಯಲ್ಲಿ ತಂಗಿಗೆ ಮೆಲ್ಲಗೆ ಹೇಳಿದೆ.

"ನಿನ್ನ ಕೆಲಸಕ್ಕ ಇಲ್ಲಿ ಯಾರೂ ಅಂಜಂಗಿಲ್ಲ. ದೇವ್ರ ಕೆಲಸ ಅಂದ್ರ ಅಂಜ್ತಾರ. ಮೌನವ್ರತ ಹಿಡಿ. ಮುಂಜಾನಿಂದ ಊಟದ ತನಕ ಮಾತಿಲ್ಲ."

"ದೇವ್ರ ಹೆಸ್ರಿಲೆ ಸುಳ್ಳ ಹೇಳ್ಲೇನ್ ಅಕ್ಕಾ?"

"ಸುಳ್ಳ ಯಾಕ ಹೇಳ್ತಿ? ಖರೇನ ಹಿಡಿ, ಖರೇನ ಬಾಯಿ ಮುಚ್ಚು. ಮುಚ್ಚಿದ ಬಾಯಿ ಯಾವ ದೇವ್ರಿಗಾದ್ರೂ ನಡೀತದ."

"ಯಾವ ದೇವ್ರದಂತ ಕೇಳಿದ್ರ?"

"ಮೌನದಾಗ ಇದ್ದಾಕಿ ಹ್ಯಾಂಗ ಹೇಳ್ತಾಳ?"

ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಂಜಿಕೆಗೋ ನಗೆಗೋ ಆಗ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ದೀಪ ಹಚ್ಚಿ ಕೈ ಮುಗಿದು ವ್ರತಕ್ಕೆ ಕೂತೇ ಬಿಟ್ಟಳು. ಆಕೆಯ ಅತ್ತಿಯವರಿಗೆ ಹೇಳುವ ಕೆಲಸ ನನ್ನದಾಯಿತು. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿಸಿಕೊಂಡರು. ಆಮೇಲೆ ಎದ್ದು, ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಹೋಗಿ ಬಾಗಿಲ ಹೊರಗೆ ಕಟ್ಟೆಯ ಮೇಲೆ ಹಾಕಿಕೊಂಡು ಕೂತರು. ಕೂತ ಮೇಲೆ ಏನೋ ನೆನಪಾದ ಹಾಗೆ ಹಿಂತಿರುಗಿ ನನ್ನನ್ನು ನೋಡಿದರು.

"ನೀ ಆಕಿ ಬಾಜೂಕ ಕೂತು ವಟವಟ ಅಂದ್ರ ಆಕಿ ವ್ರತ ಕೆಡ್ತದ. ನೀನೂ ಹಿಡಿ."

ಹೀಗೆ ನಾನು ತೋಡಿದ ಬಾವಿಗೆ ನಾನೇ ಇಳಿದೆ. ಸಲಹೆ ಕೊಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಕೊಟ್ಟ ಸಲಹೆ ಮರುದಿನವೇ ತಮ್ಮ ಕೊರಳಿಗೆ ಬರುತ್ತದೆ.

ಆ ಮೊದಲ ಬೆಳಿಗ್ಗೆ ಕಾಕು ಬಂದರು. ಹೊರಗಿನಿಂದ ಅತ್ತಿಯ ದನಿ ಕೇಳಿತು. "ಒಳಗ ಹೋಗಬ್ಯಾಡ್ರಿ. ಸೊಸಿ ವ್ರತದಾಗ ಅದಾಳ." ಕಾಕು ಚಪ್ಪಲಿಯನ್ನು ಇನ್ನೂ ಎರಡು ಹೆಜ್ಜೆ ಹಿಂದಕ್ಕೆ ಬಿಟ್ಟರು. ಯಾವ ದೇವರದು ಅಂತ ಕೇಳಿದರು. ಅತ್ತಿ, ಮಗನ ನೌಕರಿ ಬದ್ಲಿ ಸಲುವಾಗಿ ಅಂದರು. ನಂತರ ಬಂದವರಿಗೆ, ನನ್ನ ಮೊಣಕಾಲ ಸಲುವಾಗಿ ಅಂದರು. ಮೂರನೆಯವರಿಗೆ ಮೊಮ್ಮಗನ ಪರೀಕ್ಷೆಯ ಸಲುವಾಗಿ. ಒಳಗೆ ಕೂತ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಗು ತಡೆಯಲಿಕ್ಕೆ ತಂಗಿ ಮಷೀನನ್ನು ಜೋರಾಗಿ ತುಳಿದಳು. ಒಂದು ತೋಳು ಪೂರ್ತಿ ಹೊಲಿಗೆಯಾಯಿತು.

ಕೆಲಸ ಓಡಿತು. ಮಧ್ಯಾಹ್ನ ಊಟವಾದ ಮೇಲೆ ಎಲ್ಲರನ್ನೂ ಕರೆಯುವುದು, ಅಳತೆ ತೆಗೆಯುವುದು, ಮಾತಾಡುವುದು. ಬೆಳಿಗ್ಗೆ ಬರೇ ಕತ್ತರಿ, ಬರೇ ಮಷೀನು. ಇದೇ ನಾನು ಹೊಸಬರಿಗೆ ಹೇಳುವುದು. ನಿಮ್ಮ ಹೊತ್ತನ್ನು ನೀವೇ ಕಾಯಲಿಕ್ಕೆ ಹೋಗಬೇಡಿರಿ. ನಿಮಗೆ ಮುಖ ಮುರಿಯಲಿಕ್ಕೆ ಬರುವುದಿಲ್ಲ, ಬರಲೂಬಾರದು. ಕಟ್ಟೆಯ ಮೇಲೆ ಕೂರಲಿಕ್ಕೆ ಖುಷಿ ಇದ್ದವರು ಒಬ್ಬರು ಮನೆಯಲ್ಲಿ ಇದ್ದೇ ಇರುತ್ತಾರೆ, ಅವರನ್ನು ಹುಡುಕಿರಿ.

ಆದರೆ ಸುದ್ದಿ ನಮ್ಮ ಕಡೆ ಬಸ್ಸಿಗಿಂತ ಜಲ್ದಿ ಓಡುತ್ತದೆ. ಭಾಲ್ಕಿಯಲ್ಲಿ ಮೌನವ್ರತ ಇದ್ದದ್ದು ಔರಾದ ಮುಟ್ಟುವ ಹೊತ್ತಿಗೆ ಸನ್ಯಾಸ ಆಗಿತ್ತು. ಮೊದಲು ಪಟ್ಟಿ ಕೊಟ್ಟೆನಲ್ಲ, ಆ ದಿನವೇ ಎಕಂಬಾದಿಂದ ಮದುಮಗಳ ತಾಯಿ ಬೆಳಿಗ್ಗೆಯ ಗಾಡಿಗೆ ಬಂದು ಇಳಿದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಕಟ್ಟೆಯ ಮೇಲೆ ಅತ್ತಿ ಇದ್ದರು, ಕಾಕು ಇದ್ದರು, ಇನ್ನೂ ಒಬ್ಬಿಬ್ಬರು ಬಟಾಣಿ ಸುಲಿಯುತ್ತ ಕೂತಿದ್ದರು. ಬಂದವರು ಬಾಗಿಲಿಗೇ ನಿಂತು ಒಳಗೆ ನೋಡಿದರು.

"ನಮ್ಮ ಬಟ್ಟಿ ನಮಗ ಕೊಟ್ಟಬಿಡ್ರಿ ತಾಯಿ. ನೀವು ಸನ್ಯಾಸ ತಗೊಂಡೀರಂತ, ಕತ್ತರಿ ಮುಟ್ಟಂಗಿಲ್ಲಂತ. ಲಗ್ನ ಮುಂದ ನಿಂತದ. ಔರಾದದಾಗ ಇನ್ನೊಬ್ಬಾಕಿ ಸಿಕ್ಕಾಳ, ಆಕಿಗಿ ಕೊಡ್ತೇವಿ."

ತಂಗಿಯ ಕೈಯಲ್ಲಿ ಕತ್ತರಿಯೇ ಇತ್ತು. ಅದನ್ನು ಎತ್ತಿ ತೋರಿಸಿದಳು. ಆ ತಾಯಿ ಹೆದರಿ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಹುಕ್ಕು ಹಚ್ಚಿದ ಜಂಪರನ್ನು ಎತ್ತಿ ಹಿಡಿದೆ. ನೋಡಲಿಲ್ಲ. ಮಾತಾಡಿದರೆ ಒಂದೇ ಮಾತಿಗೆ ಮುಗಿಯುತ್ತಿತ್ತು. ಆದರೆ ಇಡೀ ಓಣಿಯ ಮುಂದೆ ವ್ರತ ಮುರಿದರೆ ನಾಳೆಯಿಂದ ಆ ಬಾಗಿಲನ್ನು ಯಾರು ಕಾಯುತ್ತಾರೆ? ಮಾತಾಡದಿದ್ದರೆ ಲಗ್ನದ ಕೆಲಸ ಹೋಗುತ್ತದೆ, ಅದರ ಹಿಂದೆ ಖೋಲಿಯೂ ಹೋಗುತ್ತದೆ. ಬಾಯಿ ಇದ್ದವರು ಅಲ್ಲಿ ಅತ್ತಿ ಒಬ್ಬರೇ. ಅವರು 'ಒಯ್ಯಿರಿ' ಅಂದಿದ್ದರೆ ಸಾಕಿತ್ತು. ಸಂಜೆಗೆ ದೊಡ್ಡ ಮಗನ ಚೀಲ ಒಳಗೆ ಬರುತ್ತಿದ್ದವು.

ಅತ್ತಿ ಎಲೆಯ ರಸವನ್ನು ಕಟ್ಟೆಯ ಪಕ್ಕಕ್ಕೆ ಉಗುಳಿ ಬಾಯಿ ಒರೆಸಿಕೊಂಡರು. ಖೋಲಿಯ ಒಳಗೆ ಒಂದು ಸಲ ಪೂರ್ತಿ ಕಣ್ಣು ಆಡಿಸಿದರು. ಅಳೆಯುವವರ ಹಾಗೆ ಕಂಡಿತು. ತಂಗಿ ಕತ್ತರಿ ಕೆಳಗಿಟ್ಟು ಮಷೀನು ತುಳಿಯತೊಡಗಿದಳು.

"ಅವ್ವಾ, ಮೊದ್ಲ ಕುಂದುರ್ರಿ," ಅಂದರು ಅತ್ತಿ. "ಸನ್ಯಾಸಿ ಅಂದ್ರಿ? ನಿನ್ನಿ ರಾತ್ರಿ ನನಕಿಂತ ಒಂದ್ ರೊಟ್ಟಿ ಹೆಚ್ಚಿಗಿ ತಿಂದಾಳ. ಮ್ಯಾಲ ಉಪ್ಪಿನಕಾಯಿ ಭರಣಿ ಎಲ್ಲಿಡಬೇಕಂತ ನನ್ನ ಜೋಡಿ ಜಗಳ ತಗದಾಳ. ಇಂಥಾ ಸನ್ಯಾಸಿ ನಿಮ್ಮ ಔರಾದ ಕಡಿ ಇದ್ದಾರೇನ್ರಿ?"

"ಜಗಳ ಖರೆ ಅದರಿ," ಅಂದರು ಕಾಕು. "ನಮ್ಮನಿ ತನಕ ಕೇಳ್ಸತದ."

"ಹಂಗಾರ ಆಕೀನ ಬಾಯಿಲೆ ಒಂದ್ ಮಾತ್ ಹೇಳ್ಲಿ, ಹೊಲದು ಕೊಡ್ತೇನಿ ಅಂತ," ಅಂದರು ಮದುಮಗಳ ತಾಯಿ.

"ಆಕಿ ಹೇಳಂಗಿಲ್ಲ. ನಾ ಹೇಳ್ತೇನಿ. ಊಟದ ಹೊತ್ತಿಗಿ ನಿಮ್ಮ ಮಗಳ ಜಂಪರ್ ತಯಾರಾಗ್ತದ. ಆಗ್ಲಿಲ್ಲಂದ್ರ ಬಟ್ಟಿ ಒಯ್ರಿ, ಮಷೀನೂ ಒಯ್ರಿ."

ಮಷೀನಿನ ಮೇಲಿದ್ದ ತಂಗಿಯ ಕಾಲು ನಿಂತೇ ಹೋಯಿತು. ಮದುಮಗಳ ಜಂಪರಿಗೆ ಇನ್ನೂ ತೋಳು ಕೂಡಿಸಿರಲಿಲ್ಲ, ಕೊರಳಪಟ್ಟಿ ಇರಲಿಲ್ಲ. ಅತ್ತಿ ಒಳಗೆ ತಿರುಗಿ ನೋಡಿ ಹುಬ್ಬು ಏರಿಸಿದರು, ಅಷ್ಟೇ. ತಂಗಿ ಬಗ್ಗಿ ತೋಳು ಕೂಡಿಸಲು ಶುರು ಮಾಡಿದಳು.

ಎಕಂಬಾದವರಿಗೂ ಅತ್ತಿ ಷರತ್ತು ಹಾಕಿದರು. ಒಳಗೆ ಕೂರಬಹುದು, ಬಾಯಿ ಬಿಡುವಂತಿಲ್ಲ. ಅವರು ನನ್ನ ಪಕ್ಕದ ಚಾಪೆಯ ಮೇಲೆ ಕೂತರು. ಸ್ವಲ್ಪ ಹೊತ್ತು ಮಷೀನನ್ನೇ ನೋಡಿದರು, ಆಮೇಲೆ ನನ್ನ ಕೈಯನ್ನು ನೋಡಿದರು. ಮಾತಿಲ್ಲದೆ ಸುಮ್ಮನೆ ಕೂತ ಹೆಂಗಸಿನ ಕೈಗೆ ತುರಿಕೆ ಹತ್ತುತ್ತದೆ. ನಾನೇನೂ ಕೊಡಲಿಲ್ಲ, ತಾವೇ ನನ್ನ ಡಬ್ಬಿಯಿಂದ ಸೂಜಿ ತೆಗೆದು ದಾರ ಪೋಣಿಸಿ, ತಮ್ಮ ಜಂಪರಿಗೆ ತಾವೇ ಹುಕ್ಕು ಹಚ್ಚತೊಡಗಿದರು. ನಾನು ಹಚ್ಚಿದ ಒಂದು ಹುಕ್ಕನ್ನು ಬಿಚ್ಚಿ ಮತ್ತೆ ಹಚ್ಚಿದರು. ಅದಕ್ಕೆ ಏನಾದರೂ ಅನ್ನಬೇಕೆಂದು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ಹೊರಗೆ ಅತ್ತಿಯ ದರಬಾರು ನಡೆದೇ ಇತ್ತು. ಯಾರ ಮಗಳಿಗೆ ಎಲ್ಲಿಂದ ವರ ಬಂದಿದೆ, ಯಾರ ಮನೆಯ ಸೊಸೆ ತವರಿಗೆ ಹೋಗಿ ಎಷ್ಟು ದಿನ ಆಯಿತು, ಎಲ್ಲ ನಮ್ಮ ಕಿವಿಗೆ ಬೀಳುತ್ತಿತ್ತು. ನಡುವೆ ಕರೆಂಟು ಹೋಗಿ ಪಂಖಾ ನಿಂತಿತು. ತುಳಿಯುವ ಮಷೀನಿಗೆ ಕರೆಂಟಿನ ಹಂಗಿಲ್ಲ. ತಂಗಿಯ ಬೆನ್ನಿನ ಮೇಲೆ ಬೆವರು ಹರಿಯುತ್ತಿತ್ತು. ನಾನು ಒಂದು ಕೈಯಿಂದ ಗಾಳಿ ಬೀಸಿದೆ.

ಅತ್ತಿ ನಡುವೆ ಎದ್ದು ಹೋಗಿ ಒಲೆಗಿಟ್ಟಿದ್ದ ಬೇಳೆಯ ಕುಕ್ಕರು ಅಡುಗೆ ಖೋಲಿಯಿಂದ ಕೂಗುವ ಹೊತ್ತಿಗೆ ತಂಗಿ ಕೊರಳಪಟ್ಟಿಯ ಕೊನೆಯ ದಾರವನ್ನು ಹಲ್ಲಿನಿಂದ ಕಡಿದಳು. ಎಕಂಬಾದವರು ಜಂಪರನ್ನು ಬಾಗಿಲ ಬೆಳಕಿಗೆ ಹಿಡಿದರು. ಒಳಮಗ್ಗುಲು ಹೊರಗೆ ಮಾಡಿ ಹೊಲಿಗೆಯನ್ನು ಎಳೆದು ನೋಡಿದರು. ಚೀಲದಿಂದ ಮಗಳ ಹಳೆಯ ಜಂಪರು ತೆಗೆದು ಅದರ ಮೇಲೆ ಇಟ್ಟು, ತೋಳಿಗೆ ತೋಳು, ಬೆನ್ನಿಗೆ ಬೆನ್ನು ಹೊಂದಿಸಿದರು. ಕಟ್ಟೆಯ ಮೇಲಿನವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು.

"ನನ್ನ ನೆಗೆಣ್ಣಿವು, ಮೈದುನನ ಹೆಂಡ್ತಿವು, ಎರಡು ಜಂಪರ್ ಅವ," ಅಂದರು ಅವರು. "ಔರಾದದಾಕಿಗಿ ಕೊಡ್ಬೇಕಂತ ಇಟ್ಕೊಂಡಿದ್ದೆ. ಅವನ್ನೂ ಇಲ್ಲೇ ಕೊಡ್ತೇನಿ."

ತಂಗಿ ಗೋಡೆಯ ಗಡಿಯಾರ ನೋಡಿದಳು, ದೇವರ ಕಡೆ ಕೈ ಮುಗಿದಳು, ಆಮೇಲೆ ಬಾಯಿ ಬಿಟ್ಟಳು. "ಚಾ ಮಾಡ್ಲೇನ್ರಿ, ಊಟಾನೇ ಮಾಡ್ತೀರಿ?"

ಎಕಂಬಾದವರು ಚಾ ಕುಡಿದು, ಆದಷ್ಟು ಜಂಪರು ಕಟ್ಟಿಕೊಂಡು, ಉಳಿದದ್ದಕ್ಕೆ ದಿನ ಹೇಳಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದರು. ಅವರು ಓಣಿ ತಿರುಗಿದ ಮೇಲೆ ತಂಗಿ ಅತ್ತಿಯ ಎದುರಿಗೆ ಹೋಗಿ ನಿಂತಳು.

"ಅತ್ತೀ, ಮಷೀನೂ ಒಯ್ರಿ ಅಂದ್ರಲ್ರಿ. ನಿಮಗ ಖೋಲಿ ಬೇಕಾಗಿತ್ತಲ್ಲ?"

"ಚೀಲ ಹಿತ್ತಲದಾಗ ತಗಡಿನ ಶೆಡ್ಡಿನಾಗ ಇಡಂತ ದೊಡ್ಡವಗ ಹೇಳ್ತೇನಿ," ಅಂದರು ಅತ್ತಿ. "ಸೋಯಾದ ಚೀಲ ನೋಡ್ಲಿಕ್ಕೆ ಯಾರ್ ಬರ್ತಾರ? ಮೊದ್ಲ ಬಂದವ್ರೆಲ್ಲಾ ನನ್ನ ದಾಟಿ ಒಳಗ ಹೋಗಿ ನಿನ್ನ ಮುಂದ ಕುಂದುರ್ತಿದ್ರು. ನನಗ ಬರೇ ಆರಾಮ ಅದೀರೇನ್ರಿ ಅಂತ ಕೇಳಿ ಹೋಗ್ತಿದ್ರು. ಈಗ ನನ್ನ ಮುಂದ ಕುಂದುರ್ತಾರ."

ನಂತರ ನನ್ನ ಕಡೆ ತಿರುಗಿದರು. "ಮತ್ತ ಕೇಳು. ವ್ರತ ಸೀಜನ್ ಮುಗಿದ ಮ್ಯಾಲೂ ಇರ್ಲಿ. ದೇವ್ರು ಯಾರಂತ ನಾ ನೋಡ್ಕೋತೇನಿ."

ನಾನು ನೆಲ ನೋಡಿದೆ. ತಂಗಿ ಛತ್ತಿನ ಕಡೆ ನೋಡಿದಳು. ಅತ್ತಿ ಮಾತ್ರ ಇಬ್ಬರನ್ನೂ ನೋಡಿ ಇನ್ನೊಂದು ಎಲೆಗೆ ಸುಣ್ಣ ಹಚ್ಚಿದರು.

ಮೂವರೂ ಅಡುಗೆ ಖೋಲಿಯಲ್ಲೇ ಕೂತು ಉಂಡೆವು. ಬಿಸಿ ಜೋಳದ ರೊಟ್ಟಿ, ಝುಣಕಾ, ಬದನಿಕಾಯಿ ಪಲ್ಯ, ತೊಗರಿ ಬೇಳೆ, ನಾನು ಒಯ್ದಿದ್ದ ಶೇಂಗಾ ಹಿಂಡಿಗೆ ಮೊಸರು, ಹಸಿ ಉಳ್ಳಾಗಡ್ಡಿ, ಕೊನೆಗೆ ಮಜ್ಜಿಗೆ. ಉಂಡು ಮುಂದಿನ ಖೋಲಿಯಲ್ಲಿ ಚಾಪೆ ಹಾಸಿ ಸ್ವಲ್ಪ ಹೊತ್ತು ಮೈ ಚೆಲ್ಲಿದೆವು. ಬೆಳಿಗ್ಗೆಯಿಂದ ಕೂಡಿಟ್ಟ ಮಾತು ನನ್ನ ಹತ್ತಿರ ಬಹಳ ಇತ್ತು, ಅದರಲ್ಲೂ ಆ ಬಿಚ್ಚಿದ ಹುಕ್ಕಿನ ವಿಷಯ. ಶುರು ಮಾಡಿದೆ. ಮೊದಲು ನಿದ್ದೆ ಹೋದವರು ಅತ್ತಿ. ತಂಗಿ ಮೂರು ನಾಲ್ಕು ಸಲ ಹೂಂ ಅಂದಳು, ಆಮೇಲೆ ಅನ್ನಲಿಲ್ಲ. ನಾನು ಉಳಿದದ್ದನ್ನು ಪಂಖಾಕ್ಕೆ ಹೇಳಿ ಮುಗಿಸಿ, ಕೊನೆಗೆ ಮಲಗಿದೆ.