ಕೋರ್ಟು ಕೊಟ್ಟ ಬಾವಿ

ಆ ಬಾವಿಯಲ್ಲಿ ದೆವ್ವ ಇರಲಿಲ್ಲ. ಮೇಲಿನ ಬೀದಿಯವರು ಕೋರ್ಟಿನಲ್ಲಿ ಸೋತ ಹಟಕ್ಕೆ ಬಾವಿ ಬಿಟ್ಟರು. ಗೆದ್ದ ನಾವು, ಕೇರಿಯವರು, ಹೆದರಿಕೆಗೆ ಬಿಟ್ಟೆವು. ನಡೆದದ್ದು ಇಷ್ಟೇ.

ಯಳಂದೂರು ಕಡೆಯ ನಮ್ಮೂರಿನೊಳಗೆ ಸಿಹಿನೀರು ಇದ್ದದ್ದು ಅದೊಂದೇ ಬಾವಿಯಲ್ಲಿ. ಕೇರಿಯ ಬೋರಿನದು ಬರೀ ಉಪ್ಪು, ಬೇಳೆಯೂ ಬೇಯುತ್ತಿರಲಿಲ್ಲ. ಆ ಬಾವಿಯನ್ನು ಮೇಲಿನ ಬೀದಿಯವರು ನಮಗೆ ಮುಟ್ಟಗೊಡುತ್ತಿರಲಿಲ್ಲ. ನನ್ನ ಗಂಡ ವರ್ಷಗಟ್ಟಲೆ ಕೊಳ್ಳೇಗಾಲದ ಕೋರ್ಟಿಗೆ ಅಲೆದರು. ಸಂವಿಧಾನದ ಪ್ರಕಾರ ಊರ ಬಾವಿ ಎಲ್ಲರದೂ ಎಂದು ಜಡ್ಜು ಹೇಳಿದರು.

ನಾವು ಬಿಂದಿಗೆ ಹಿಡಿದು ಹೋದ ದಿನ ಬಾವಿಕಟ್ಟೆಯ ಮೇಲೆ ನರಪಿಳ್ಳೆ ಇಲ್ಲ. ಮೇಲಿನ ಬೀದಿಯವರು ತೋಟದಿಂದ ಗಾಡಿಯಲ್ಲಿ ನೀರು ತರಿಸಿಕೊಂಡಿದ್ದರು. ಊರ ಯಜಮಾನರ ಹೆಂಡತಿ ಎದುರಿನ ತಮ್ಮ ಜಗಲಿಯಲ್ಲಿ ಕೂತಿದ್ದರು.

"ಯಾಕ್ರವ್ವಾ, ನೀವ್ಯಾರೂ ಸೇದಕಿಲ್ವಾ?" ಎಂದೆ.

"ನಿಮ್ನ ತಡುದ್ರೆ ತಪ್ಪು, ತಡ್ದಿಲ್ಲ. ನಾವೂ ಸೇದ್ಬೇಕು ಅಂತ ಜಡ್ಜು ಬರ್ದವ್ರಾ? ಎಲ್ಲಿ, ತೋರ್ಸಮ್ಮಿ."

ನಾವು ಸೇದಿ, ಬಿಂದಿಗೆ ತುಂಬಿಕೊಂಡು ಬಂದೆವು.

ಆಮೇಲೆ ಕಟ್ಟೆಯ ಮೇಲೆ ನಿಂಬೆಹಣ್ಣು, ಕುಂಕುಮ ಕಾಣಿಸಿದವು. ಹಿಂದೆಂದೋ ಬಿದ್ದು ಸತ್ತ ಸೊಸೆಯೊಬ್ಬಳು ಬಿಂದಿಗೆ ಹಿಡಿದು ಎಳೆಯುತ್ತಾಳೆ ಎಂಬ ಮಾತು ಎದ್ದಿತು. ನಮ್ಮ ಹೆಂಗಸರು ಒಬ್ಬೊಬ್ಬರಾಗಿ ಬಾವಿಗೆ ಹೋಗುವುದು ಬಿಟ್ಟರು. ನಾನೂ ಬಗ್ಗಿ ನೋಡಿದೆ. ಕೆಳಗೆ ಯಾರೋ ಉಸಿರೆಳೆದ ಹಾಗಾಯಿತು. ಗಾಳಿಯೇ ಇರಬೇಕು. ಆದರೂ ಆ ಸದ್ದು ಇವತ್ತಿಗೂ ನನ್ನ ಕಿವಿ ಬಿಟ್ಟಿಲ್ಲ.

ಸೇದದ ನೀರು ಹಸಿರಾಯಿತು. ಯಾರೂ ಬಳಸದ ಬಾವಿ, ಮಣ್ಣು ತುಂಬಿ ಮುಚ್ಚುತ್ತೇವೆ ಎಂದು ಪಂಚಾಯ್ತಿಯವರು ತಮಟೆ ಹೊಡೆಸಿದರು. ಹೊಡೆದವನು ನಮ್ಮ ಕೇರಿಯವನೇ.

"ತಿರ್ಗ ಕೊಳ್ಳೇಗಾಲಕ್ಕೆ ಓಯ್ತೀನಿ," ಎಂದರು ಗಂಡ. "ಸಂವಿದಾನ ಅದೆ."

"ಓಗಿ. ಜಡ್ಜು ಬಂದು ನೀರು ಸೇದಾರಾ?"

"ಇನ್ಯಾರು ಸೇದೋರು? ನಿಂಗೂ ದಿಗ್ಲು."

"ದಿಗ್ಲೇ ಕಣ್ರಿ. ಏನೀಗ?"

ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಅಷ್ಟು ವರ್ಷ ಅಲೆದ ಮನುಷ್ಯನ ಬೆನ್ನು ಅದು. ನೋಡಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಹಗ್ಗ, ಬಿಂದಿಗೆ ತೆಗೆದುಕೊಂಡು ಒಬ್ಬಳೇ ಹೋದೆ. ಪಾಚಿ ಸರಿಸಿ ಸೇದಿ ಚೆಲ್ಲಿದೆ, ಮತ್ತೆ ಸೇದಿ ಚೆಲ್ಲಿದೆ. ಮೇಲಿನ ಬೀದಿಯ ಬಾಗಿಲುಗಳ ಹಿಂದೆ ಜನ ನಿಂತು ನೋಡುವುದು ಗೊತ್ತಾಗುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದವು. ಬಿಸಿಲೇರಿದರೂ ನೀರು ತಿಳಿಯಾಗಲಿಲ್ಲ, ಹಸಿರು ಒಂದಿಷ್ಟು ಇಳಿದಿತ್ತು, ಅಷ್ಟೇ. ಒಂದು ಬಿಂದಿಗೆ ತುಂಬಿಕೊಂಡು, ಎಲ್ಲರಿಗೂ ಕಾಣಲಿ ಎಂದು ಅದೇ ಬೀದಿಯ ನಡುವೆ ನಡೆದು ಬಂದು, ಸೋಸಿ, ಕಾಯಲು ಒಲೆಯ ಮೇಲಿಟ್ಟೆ.