ಅಕ್ಕನ ಕೌದಿ

ಆಗ ನಮ್ಮ ಮಸ್ಕಿ ನಿಜಾಮನ ಸೀಮೆಯಲ್ಲಿತ್ತು. ಗಂಡುಹುಡುಗರು ಸಾಲಿಯಲ್ಲಿ ಕಲಿತ ಉರ್ದುವನ್ನು ಹಾದಿಯುದ್ದಕ್ಕೂ ಒದರುತ್ತ ಮನೆಗೆ ಬರುತ್ತಿದ್ದರು. ಹುಡುಗಿಯರಾದ ನಮಗೆ ಅಂಗಳದ ಗಜಗದಾಟವೇ ಸಾಲಿ. ಮಾಗಿಯ ಚಳಿಗೆ ಬೆರಳು ಸೆಟೆದರೆ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ, ಪುಂಡಿಪಲ್ಲೆ ತಿನ್ನುವುದು. ಹೊದೆಯಲು ಕೌದಿ. ಹಳೆಯ ಸೀರೆ, ಹರಿದ ಧೋತರ, ಕುಪ್ಪಸದ ಚಿಂದಿ, ಮನೆಮಂದಿಯೆಲ್ಲ ಅದರೊಳಗಿರುತ್ತಿದ್ದರು.

ಅಂಥದೊಂದು ಮಾಗಿಯಲ್ಲಿ ಅಪ್ಪನ ತಂಗಿ ನೀಲತ್ತಿ ಹೆರಿಗೆಗೆಂದು ತುರ್ವಿಹಾಳದಿಂದ ತವರಿಗೆ ಬಂದಳು. ಎರಡನೆಯ ಬಸಿರು. ಮೊದಲನೆಯ ಹೆಣ್ಣುಕೂಸು ನಮ್ಮ ಮನೆಯಲ್ಲೇ ಹುಟ್ಟಿ, ಕೆಲವು ತಿಂಗಳಿಗೇ ಜ್ವರ ಬಂದು ತೀರಿಕೊಂಡಿತ್ತು. ಅಂದಿನಿಂದ ಯಾರೂ ಆ ಕೂಸಿನ ಸುದ್ದಿ ಎತ್ತುತ್ತಿರಲಿಲ್ಲ. ಅತ್ತಿಯೂ ಮಾತು ಕಡಿಮೆ ಮಾಡಿದ್ದಳು.

ನನ್ನ ಗೊಂಬೆಗೊಂದು ಸೀರೆ ಬೇಕಿತ್ತು. ಜೋಳದ ಚೀಲದ ಮೇಲೆ ಹತ್ತಿ ಗೂಡಿನಲ್ಲಿದ್ದ ಗಂಟೊಂದನ್ನು ಕೆಳಗೆಳೆದೆ. ಬಿಚ್ಚಿದರೆ ಒಣಗಿದ ಬೇವಿನೆಲೆಯ ಕಹಿ ವಾಸನೆ. ಒಳಗೆ ಅರ್ಧ ಹೊಲಿದ ಪುಟ್ಟ ಕೌದಿ. ಚುಚ್ಚಿಟ್ಟ ಸೂಜಿ ಅಲ್ಲೇ ತುಕ್ಕು ಹಿಡಿದಿತ್ತು.

"ಏ ಹುಚ್ಚಿ, ಅದನ್ಯಾಕ ತಗದಿ? ಇಡಲ್ಲೆ!" ಎಂದು ಅಜ್ಜಿ ಓಡಿಬಂದಳು. ಅಷ್ಟರಲ್ಲಿ ಅತ್ತಿ ಬಾಗಿಲಲ್ಲಿ ನಿಂತಿದ್ದಳು. ಅಜ್ಜಿ ಕೌದಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅತ್ತಿ ತಿರುಗಿ ಹೊರಗೆ ಹೋದಳು. ಆ ಸಂಜೆ ಅವಳು ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಅತ್ತಿ ಅಂಗಳದ ಬಿಸಿಲಲ್ಲಿ ಆ ಕೌದಿ ಹಾಸಿಕೊಂಡು ಕೂತಿದ್ದಾಳೆ!

"ಬ್ಯಾಡ ಬೇ ನೀಲವ್ವ," ಅಜ್ಜಿ ಕೌದಿಯ ಅಂಚು ಹಿಡಿದಳು. "ನಾನ ಹೊಲ್ಯಾಕತ್ತಿದ್ದೆ. ಕೂಸು ಹೋದ ದಿನಾನ ಸೂಜಿ ಬಿಟ್ಟೀನಿ. ಹೋದ ಕೂಸಿನ ಅರಿವಿ ಬರೋ ಕೂಸಿಗೆ ಆಗಂಗಿಲ್ಲ."

ಅತ್ತಿ ತಲೆಯೆತ್ತಿದಳು. "ಯವ್ವಾ, ಆ ಕೂಸಿಗೂ ನಾನ ತಾಯಿ, ಈ ಕೂಸಿಗೂ ನಾನ ತಾಯಿ. ಅಕ್ಕನ ಕೌದಿ ತಂಗಿನೋ ತಮ್ಮನೋ ಹೊಚ್ಚಿಗೊಂಡ್ರ ಏನಾಗತೈತಿ?"

ಅಜ್ಜಿ ಒಳಗೆ ಹೋಗಿಬಿಟ್ಟಳು. ಪಕ್ಕದ ಮನೆಯ ಮಾಬವ್ವ, ದರ್ಜಿಯ ಹೆಂಡತಿ, ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳೇನೋ. ಮಡಿಲು ತುಂಬ ಚಿಂದಿ ತಂದು ಸುರಿದು, "ಹಸರು ಸಾಟಿನ್ ನಡುವ ಹಚ್ಚು ಬೇ, ಛಂದ ಕಾಣತೈತಿ," ಎಂದು ತಾನೂ ಒಂದು ಸೂಜಿ ಹಿಡಿದು ಕೂತಳು. ದಾರ ಪೋಣಿಸಿಕೊಡುವ ಕೆಲಸ ನನ್ನದು.

ಬಿಸಿಲು ಸರಿದಂತೆ ಕೌದಿ ಎಳೆದುಕೊಂಡು ನಾವೂ ಸರಿಯುತ್ತಿದ್ದೆವು. ಹೊಲಿಯುತ್ತ ಹೊಲಿಯುತ್ತ ಅತ್ತಿ ಮೊದಲ ಸಲ ಆ ಕೂಸಿನ ಮಾತು ತೆಗೆದಳು: ನಿದ್ದೆಯಲ್ಲಿ ನಗುತ್ತಿತ್ತಂತೆ, ಹಿಡಿದ ಬೆರಳು ಬಿಡುತ್ತಿರಲಿಲ್ಲವಂತೆ. ಒಳಗಿನಿಂದ ಅಜ್ಜಿಯ ದನಿ ಬಂತು: "ನಿನ್ನ ಬೆರಳಲ್ಲ, ನನ್ನ ಮೂಗಬಟ್ಟು ಹಿಡೀತಿತ್ತು, ಬಿಡಸಾಕ ಸಾಕಾಗತಿತ್ತು." ಅಂದವಳೇ ಅಜ್ಜಿ ಹೊರಗೆ ಬಂದು ಅತ್ತಿಯ ಎದುರು ಕೂತಳು. ಕಣ್ಣೊರೆಸಿಕೊಂಡು ನನ್ನತ್ತ ಕೈ ಚಾಚಿದಳು, "ಕೊಡು, ನನಗೂ ಒಂದು ಸೂಜಿ." ಅಳುತ್ತಲೇ ನಗುತ್ತಿದ್ದಳು.

ಕೌದಿ ಮುಗಿಯಿತು. ಕೂಸೂ ಬಂತು, ಹೆಣ್ಣು. ಮಾಬವ್ವನೇ ಅದನ್ನು ಆ ಕೌದಿಯಲ್ಲಿ ಸುತ್ತಿ ಅಜ್ಜಿಯ ಕೈಗಿಟ್ಟಳು. ಅದು ಗಟ್ಟಿಯಾಗಿ ಬೆಳೆಯಿತು. ಆಮೇಲೆ ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ ನೀಲತ್ತಿ, "ಇಬ್ರು ಹೆಣ್ಮಕ್ಕಳು ರೀ. ದೊಡ್ಡಾಕಿ ಇಲ್ಲ," ಎಂದು ಸರಳವಾಗಿ ಹೇಳುತ್ತಿದ್ದಳು.

ಆ ಕೌದಿ ಎಂದೋ ಸವೆದು ನೆಲ ಒರೆಸುವ ಅರಿವೆಯಾಗಿ ಹೋಯಿತು. ನಮ್ಮ ಮನೆಗಳಲ್ಲೀಗ ಚಿಂದಿ ಕೂಡಿಡುವವರಿಲ್ಲ; ಅಂಗಡಿಯ ರಗ್ಗು ಬೆಚ್ಚಗೇ ಇರುತ್ತದೆ. ಅದಕ್ಕೆ ನಾನು ಮರುಗುವುದಿಲ್ಲ. ಅಜ್ಜಿ, ಮಾಬವ್ವ, ನೀಲತ್ತಿ ಮೂವರೂ ಹೋದರು. ಅಂದು ಕೌದಿಯ ಸುತ್ತ ಕೂತವರಲ್ಲಿ, ಆ ದೊಡ್ಡಾಕಿಯ ಹೆಸರು ಗಂಗವ್ವ ಎಂದು ಬಲ್ಲವಳು ಈಗ ನಾನೊಬ್ಬಳೇ.